ಶುಕ್ರವಾರದ ಉಗುರು

ಶಿಡ್ಲಘಟ್ಟದ ನಮ್ಮ ರೀಲಿಂಗ್ ಶೆಡ್ಡಿನಲ್ಲಿ
ಬಾಗಿಲ ಚೌಕಟ್ಟಿಗೆ ಮೊಳೆ ಹೊಡೆದು
ಅಬ್ಬಾ ಒಂದು ನೇಲ್ ಕಟ್ಟರ್ ನೇತುಹಾಕಿದ್ದರು,
ಮಾರಲಾಗದ ರೇಷ್ಮೆಯ ಹುರಿಯಲ್ಲಿ.
ಕದಿಯುವವರು ಯಾರೂ ಇರಲಿಲ್ಲ. ಆದರೂ ಕಟ್ಟಿದ್ದರು.

ಗೂಡಿನ ಎಳೆ
ಕಣ್ಣಿಗಿಂತ ಮೊದಲು ಬೆರಳಿಗೆ ತಿಳಿಯಬೇಕು.
ಉಗುರಿನ ಮೂಲೆ ಕೂದಲಷ್ಟು ಸೀಳಿದ್ದರೂ ಸಾಕು,
ಜಾಲಿಮುಳ್ಳು ಸೆರಗು ಹಿಡಿದ ಹಾಗೆ ಹಿಡಿಯುತ್ತದೆ.
ಎಳೆ ಹೋಯಿತು. ಮತ್ತೆ ಕುದಿನೀರಿಗೆ ಕೈ.

ದಾದಾ ಕಾಲದಲ್ಲಿ ಚೌಡಪ್ಪ ಬರುತ್ತಿದ್ದನಂತೆ
ಹಡಪದ ಚೀಲ ಕಂಕುಳಲ್ಲಿ, ತಿಂಗಳಿಗೆರಡು ಸಲ.
ಬೇವಿನ ಕೆಳಗೆ ಕುಕ್ಕರಗಾಲಲ್ಲಿ ಕೂತು
ಚರಕದವರ ಬೆರಳು ಒಂದೊಂದೇ ಹಿಡಿದು
ನಹರಣಿಯಿಂದ ಕೆತ್ತುತ್ತಿದ್ದ.
ಸಣ್ಣ ಉಳಿಯಂಥದು, ಒಂದೇ ಬಾಯಿ.
ಇಡೀ ದಿನ ನೀರಲ್ಲಿ ನೆಂದ ಉಗುರು ಅವನಿಗೆ ಇಷ್ಟ,
"ಬೆಣ್ಣೆ ಕಣಮ್ಮಾ, ಬೆಣ್ಣೆ" ಅನ್ನುತ್ತಿದ್ದನಂತೆ.
ವರ್ಷಕ್ಕಿಷ್ಟು ರಾಗಿ, ಹಬ್ಬಕ್ಕೊಂದು ಪಂಚೆ,
ಊರ ಸುದ್ದಿ ಪುಕ್ಕಟೆ.

ಆಮೇಲೆ ಅರ್ಧ ಮುರಿದ ಬ್ಲೇಡು ಬಂತು,
ಅದರ ಜೊತೆ ರಕ್ತವೂ.
ಆಮೇಲೆ ಸೋಮವಾರದ ಸಂತೆಯ ಟಾರ್ಪಾಲಿನ ಮೇಲೆ
ಬಾಚಣಿಗೆ, ಪಿನ್ನು, ಕನ್ನಡಿಗಳ ನಡುವೆ
ಇದು ಬಂದು ಕೂತಿತು, ಹೊಳೆಯುತ್ತ.
ಮೊದಲು ಮಾಡಿದವರು ಯಾರೋ, ಯಾರಿಗೂ ನಿಕ್ಕಿಯಿಲ್ಲ.
ದೂರದ ದೇಶದಲ್ಲಿ ನಾನು ತಾನೆಂದು ಹಲವರು
ಹಕ್ಕಿನ ಕಾಗದ ಬರೆಸಿಕೊಂಡರಂತೆ,
ಬೆರಳುದ್ದದ ಈ ವಸ್ತುವಿಗೆ.

ಬೇಸಿಗೆ ರಜೆಯಲ್ಲಿ ನಾನದನ್ನು ಬಿಚ್ಚಿಹಾಕಿದ್ದೆ.
ಎರಡು ಉಕ್ಕಿನ ಪಟ್ಟಿ, ಬಾಲದಲ್ಲಿ ಒಂದಾದವು,
ಬಾಯಲ್ಲಿ ಮುನಿಸಿಕೊಂಡವು.
ನಡುವಿನ ತೂತಿಗೆ ಕಚ್ಚು ಕೊರೆದ ಕಡ್ಡಿ,
ಕಡ್ಡಿಯ ಕುತ್ತಿಗೆಗೆ ಸಿಕ್ಕಿಸಿದ ಸನ್ನೆ.
ಎತ್ತಿ, ಅರ್ಧ ಸುತ್ತು ತಿರುಗಿಸಿ, ಮಗುಚಿದರೆ ಕೆಲಸ.
ಹಿಂದಕ್ಕೆ ತಿರುಗಿಸಿ ಮಲಗಿಸಿದರೆ ನಿದ್ದೆ.
"ಇಲ್ಲಿ ಒಂದು ಒತ್ತಿದರೆ ಅಲ್ಲಿ ಐದು" ಎಂದರು ಅಬ್ಬಾ,
ಹೆಬ್ಬೆರಳು ಮೇಲಿಟ್ಟು.
ಹೊಟ್ಟೆಯೊಳಗೆ ಒಂದು ಅರ, ಒಂದು ಪುಟ್ಟ ಚಾಕು.
ಆ ಚಾಕುವಿನಿಂದ ಯಾರೂ ಏನನ್ನೂ ಕೊಯ್ದದ್ದು
ನಾನು ಇವತ್ತಿನವರೆಗೆ ಕಂಡಿಲ್ಲ.

ಅಬ್ಬಾ ಕತ್ತರಿಸುವುದು ಶುಕ್ರವಾರವೇ,
ಜುಮ್ಮಾಕ್ಕೆ ಮುಂಚೆ, ಬಲಗೈ ತೋರುಬೆರಳಿನಿಂದ ಶುರು.
ಮೂರನೇ ಬೇಸಿನ್ನಿನ ಪಿಳ್ಳಮ್ಮ
ಶುಕ್ರವಾರ ಅದರ ಕಡೆ ತಿರುಗಿಯೂ ನೋಡಳು.
ಮಂಗಳವಾರವೂ ಇಲ್ಲ. ದೀಪ ಹಚ್ಚಿದ ಮೇಲಂತೂ ಇಲ್ಲವೇ ಇಲ್ಲ.
"ನನಗೆ ಬರಕತ್ತು ಬರೋ ದಿನಾನೇ
ನಿನ್ನ ಲಕ್ಷ್ಮಿ ಹೊರಡೋದಾ?"
"ಬಾಗಿಲು ಒಂದೇ ಅಲ್ವಾ ಸಾಬ್ರೇ,
ಒಬ್ಬರು ಬರ್ತಾರೆ, ಒಬ್ಬರು ಹೋಗ್ತಾರೆ."

ಆ ಶುಕ್ರವಾರ ಅವಳ ಉಗುರೇ ಸೀಳಿತು.
ಹತ್ತು ಗೂಡಿಗೆ ಹತ್ತು ಸಲ ಹರಿಯಿತು.
ಎದ್ದು ಬಾಗಿಲಿಗೆ ಬಂದಳು,
ತೂಗುವ ಕಟ್ಟರನ್ನು ಒಂದು ಗಳಿಗೆ ನೋಡಿದಳು,
ನಲ್ಲಿಯ ಬಳಿ ಕಾಲು ತೊಳೆಯುತ್ತಿದ್ದ ಅಬ್ಬಾನನ್ನು ನೋಡಿದಳು.
ಬೆರಳು ಬಾಯಿಗಿಟ್ಟು
ಕಟಕ್.
"ಏನಮ್ಮಾ ಅದು?"
"ನಾನೆಲ್ಲಿ ಕತ್ತರಿಸಿದೆ ಸಾಬ್ರೇ, ಅದೇ ಬಿತ್ತು."

ರಾತ್ರಿ ಅದನ್ನು ಅಂಗೈಲಿಟ್ಟುಕೊಂಡೆ.
ಮೇಲ್ದವಡೆ, ಕೆಳದವಡೆ, ಹಿಂದೆ ಕೀಲು,
ಮುಂದೆ ಬಾಗಿದ ಹಲ್ಲಿನ ಸಾಲು.
ಕಾಗದ ಬರೆಸಿಕೊಂಡವರು
ಎಲ್ಲಿಂದ ನಕಲು ಮಾಡಿದರೆಂದು
ಪಿಳ್ಳಮ್ಮನನ್ನು ಕೇಳಿದ್ದರೆ ಸಾಕಿತ್ತು.

ಮಾರನೇ ಬೆಳಗ್ಗೆ ಬಂದವಳೇ ಅರವನ್ನಷ್ಟೇ ಬಿಚ್ಚಿ
ಹಲ್ಲಿನ ಗುರುತು ನಯವಾಗುವವರೆಗೆ ಉಜ್ಜಿದಳು.
ಶನಿವಾರ ಅರಕ್ಕೆ ಅಡ್ಡಿಯಿಲ್ಲವೇ
ಎಂದು ಯಾರೂ ಕೇಳಲಿಲ್ಲ.
ನೀರು ಕುದಿಯುತ್ತಿತ್ತು.