ಮಂಜುಗಡ್ಡೆಯ ಲೆಕ್ಕ

ಮೊದಲ ಕರಡು ನಲವತ್ತೊಂದು ಪುಟ.
ಒಗುಟು ಅದನ್ನು ಅಂಗೈಯಲ್ಲಿ ತೂಗಿದರು,
ಕಿಸುಮು ಪೇಟೆಯಲ್ಲಿ ಮೀನು ತೂಗುವ ಹಾಗೆ.
ಇನ್ನೇನು ಮೂಸಿ ನೋಡುತ್ತಾರೆ ಎನಿಸಿತು.
'ನೆಕೇಸಾ, ಇದರಲ್ಲಿ ಅಪೊಂಡಿ ಎಲ್ಲಿ?'

ಇದ್ದಳು, ಇಪ್ಪತ್ತೆರಡನೆಯ ಪುಟದಲ್ಲಿ,
ಮೇಲ್ಮನವಿದಾರಳು ಎಂಬ ಹೆಸರು ಹೊತ್ತು,
ಸದರಿ, ಮೇಲ್ಕಂಡ, ತತ್ಸಂಬಂಧಿತಗಳ ಸಂತೆಯಲ್ಲಿ
ಮೊಣಕೈ ಊರಲೂ ಜಾಗವಿಲ್ಲದೆ.

'ಇರಬಹುದೆಂದು ತೋರುತ್ತದೆ ಎನ್ನಬಹುದು'
ಎಂಬಲ್ಲಿ ಅವರ ಪೆನ್ಸಿಲ್ ನಿಂತಿತು.
'ಅಡ್ಡಗೋಡೆಯ ಮೇಲೆ ದೀಪ ಇಟ್ಟಿದ್ದೀಯಲ್ಲ, ಯಾರಿಗೆ ಬೆಳಕು?
ಮಂಡಳಿಯ ಮೂವರಿಗೂ ಊಟವಾಗಿರುತ್ತದೆ,
ಫ್ಯಾನು ನಿಧಾನ ತಿರುಗುತ್ತಿರುತ್ತದೆ.
ಕಣ್ಣು ಮುಚ್ಚುವ ಮೊದಲೇ ಹೇಳು
ಏನು ಬೇಕು, ಯಾಕೆ ಕೊಡಬೇಕು.'

ಸಂಗತಿ ಇಷ್ಟು:
ಸರೋವರದ ದಡದಿಂದ ನೈರೋಬಿಗೆ ರಾತ್ರಿಯಿಡೀ ಲಾರಿ,
ಕೆಳಗೊಂದು ಪದರ ಮಂಜುಗಡ್ಡೆ, ನಡುವೆ ತಿಲಾಪಿಯಾ, ಮೇಲೆ ಮತ್ತೆ ಮಂಜುಗಡ್ಡೆ.
ಮೀನು ಮಾರಿದ ದುಡ್ಡಿಗೆ ತೆರಿಗೆ ಹಾಕಿದರು,
ಮಂಜುಗಡ್ಡೆ ಕೊಂಡ ದುಡ್ಡನ್ನು ಕಳೆಯಲಿಲ್ಲ.
ರಸೀದಿ ಎಲ್ಲಿ ಎಂದರು.
ರಸೀದಿಗಳು ತೊಯ್ದು ಮುದ್ದೆಯಾಗಿ
ಶಾಯಿ ಮೀನಿನ ನೆತ್ತರಿಗೆ ಸೇರಿಹೋಗಿತ್ತು.
ಉಳಿದದ್ದು ಮಗನ ಹಳೆಯ ನೋಟ್‌ಬುಕ್,
ಗಡ್ಡೆಗೊಂದು ಗೀಟು, ದಿನಕ್ಕೊಂದು ಸಾಲು.

ನಾನು ಹದಿನಾಲ್ಕು ತೀರ್ಪು ಉದ್ಧರಿಸಿದ್ದೆ.
ಹನ್ನೆರಡನ್ನು ಹೊಡೆದು ಹಾಕಿದರು.
ಹೊಟ್ಟೆ ಉರಿಯಿತು, ಸುಳ್ಳೇಕೆ?
ಎರಡು ವಾರ ನಿದ್ದೆಗೆಟ್ಟು ಹೆಕ್ಕಿದ್ದು.
ಆ ರಾತ್ರಿ ಸಿಟ್ಟಿನಲ್ಲೇ ಬರೆದೆ:

ಮೀನು ನೈರೋಬಿಯಲ್ಲಿ ಮಾರಾಟವಾಯಿತೆಂದು ಇಲಾಖೆಯೇ ಒಪ್ಪಿದೆ.
ಕೊಳೆತ ಮೀನನ್ನು ಯಾರೂ ಕೊಳ್ಳುವುದಿಲ್ಲ.

ಎರಡೇ ವಾಕ್ಯ. ಮಂಜುಗಡ್ಡೆಯ ಹೆಸರೇ ಇಲ್ಲ.
ಆದರೂ ಓದಿದವರ ಬೆರಳು
ತಣ್ಣಗಾಗಬೇಕು.

ಒಗುಟು ಏನೂ ಅನ್ನಲಿಲ್ಲ. ಪುಟ ತಿರುವಿದರು.
ಅವರಲ್ಲಿ ಅದೇ ಹೊಗಳಿಕೆ.

ನೋಟ್‌ಬುಕ್ಕಿನಲ್ಲಿ ಒಂಬತ್ತು ವಾರ ಖಾಲಿ.
ಅದನ್ನು ಅಡಿಟಿಪ್ಪಣಿಯಲ್ಲಿ ಹೂತಿದ್ದೆ, ಅಗೆದು ತೆಗೆದರು.
'ಅವರು ಕಾಣುವ ಮೊದಲು ನೀನೇ ತೋರಿಸು.
ಬಚ್ಚಿಟ್ಟ ಮುಳ್ಳೇ ಗಂಟಲಿಗೆ ಸಿಗುವುದು.'
ಅಪೊಂಡಿಗೆ ಫೋನ್ ಮಾಡಿದೆ.
ಆಗ ತಂಗಿಯ ಜೊತೆ ಆಸ್ಪತ್ರೆಯಲ್ಲಿದ್ದಳಂತೆ,
ಲಾರಿಯ ಜೊತೆ ಹೋದದ್ದು ಮೈದುನ,
ಗೀಟು ಹಾಕುವ ಅಭ್ಯಾಸ ಅವನಿಗಿಲ್ಲ.
'ಬಿಟ್ಟುಬಿಡು ಆ ದುಡ್ಡು' ಎಂದಳು, ಸ್ವಲ್ಪ ತಡೆದು.
ಹಾಗೆಯೇ ಬರೆದೆ: ಈ ಒಂಬತ್ತು ವಾರಕ್ಕೆ ಪುರಾವೆ ಇಲ್ಲ,
ಆ ಹಣವನ್ನು ನಾವು ಕೇಳುತ್ತಿಲ್ಲ.
ಆ ತಡೆದ ಗಳಿಗೆಯನ್ನು ಎಲ್ಲಿ ಬರೆಯಲಿ,
ಯಾವ ಪರಿಚ್ಛೇದದಲ್ಲಿ?

ಕೊನೆಗೆ ಏಳು ಪುಟ.
ಸಹಿಗೆ ಮುನ್ನ ಅವಳಿಗೆ ಸ್ವಾಹಿಲಿಯಲ್ಲಿ ಓದಿ ಹೇಳಿದೆ.
'ಇಷ್ಟೇ ಅಲ್ಲವೇ' ಎಂದಳು,
'ನಾನು ಮೊದಲ ದಿನ ಹೇಳಿದ್ದು,
ಈ ಮೇಜಿನ ಮೇಲೆ ಚೀಲ ಇಡುತ್ತಾ?'

ಹೌದು, ಅಪೊಂಡಿ.
ಅಂದು ನಾನು ನಿನ್ನ ಚೀಲದಿಂದ ತೊಟ್ಟಿಕ್ಕುವ ನೀರು
ತಾಗದಂತೆ
ಕಡತವನ್ನು ಆಚೆ ಸರಿಸುತ್ತಿದ್ದೆ.