ಒಂದು ‘ಇ’ ಕಡಿಮೆ

ಬರ್ನ್ಲಿಯ ಕಾಲುವೆಗೆ ಬಿದ್ದ ಆರು ವರ್ಷದ ಹುಡುಗನನ್ನು
ಕೋಟು ಬಿಚ್ಚದೆ, ಕೈಚೀಲ ಕೆಳಗಿಡದೆ
ಎದೆಮಟ್ಟದ ನೀರಿಗಿಳಿದು ಎತ್ತಿ ತಂದವಳು
ಬ್ರೆಂಡಾ ಹಾಲ್‌ಸ್ಟೆಡ್. ಎಪ್ಪತ್ತೊಂದು.
ಶಾಲೆಯೆದುರು ಕೋಲು ಹಿಡಿದು
ಮಕ್ಕಳನ್ನು ರಸ್ತೆ ದಾಟಿಸುವವಳು.

ಗುರುವಾರದ ಪತ್ರಿಕೆ, ಮುಖಪುಟ,
ಒದ್ದೆ ಕೂದಲಿನ ಅವಳ ಫೋಟೋ, ಮೇಲೆ
ಹೆಬ್ಬೆರಳು ದಪ್ಪದ ಅಕ್ಷರಗಳಲ್ಲಿ:
ನಮ್ಮೂರಿನ ಹೆಮ್ಮೆಯ ಹೆರಾಯಿನ್.

ಹೀರೋಯಿನ್ ಎನ್ನಲು ಹೋಗಿದ್ದರು.
ಕೊನೆಗೊಂದು ‘ಇ’ ಬೇಕಿತ್ತು,
ನಾಲಿಗೆಗೆ ಸಿಗದ, ಕಣ್ಣಿಗಷ್ಟೇ ಇರುವ ‘ಇ’.
ಕರಡು ತಿದ್ದುತ್ತಿದ್ದ ಮುದುಕ ಕ್ಲೆಗ್‌ನನ್ನು
ಹೋದ ಬೇಸಿಗೆಯಲ್ಲೇ ಮನೆಗೆ ಕಳಿಸಿದರಲ್ಲ,
ಅವನ ಊಟದ ಡಬ್ಬಿಯಲ್ಲಿ
ಆ ‘ಇ’ಯೂ ಹೊರಟು ಹೋಗಿರಬೇಕು.
ಹಿಂದಿನ ವಾರವಷ್ಟೇ ನಮ್ಮ ಬಡಪಾಯಿ ಪಾದ್ರಿ
ಅನಾಥ ಮಕ್ಕಳಿಗಾಗಿ ಪ್ರಾರ್ಥಿಸಲು ಹೋಗಿ
ಅಚ್ಚಿನಲ್ಲಿ ಅವರನ್ನು ಬೇಟೆಯಾಡಿದ್ದರು.
ಅದೂ ಒಂದೇ ಅಕ್ಷರದ ದೂರ.

ಊರು ನಕ್ಕಿತು.
‘ಗ್ರಾಂ ಎಷ್ಟಕ್ಕೆ, ಬ್ರೆಂಡಾ?’ ಎಂದ ಕಟುಕ.
ನಕ್ಕವರಲ್ಲಿ ಅರ್ಧ ಜನ
ಪಕ್ಕದವರ ಮುಖ ನೋಡಿ ನಕ್ಕವರು.
ತಪ್ಪೆಲ್ಲಿ ಎಂದು ಒಬ್ಬ ಶಾಲಾ ಟೀಚರು
ನನ್ನನ್ನು ಗುಟ್ಟಾಗಿ ಕೇಳಿದ.

ನಾನು ನಗುವ ಹಾಗಿರಲಿಲ್ಲ.
ಮದ್ದೂರು ಕಡೆಯವಳು. ನಮ್ಮ ಬಾಯಲ್ಲಿ
ಹಾಲು ಆಲು, ಹಸು ಅಸು,
ಹಾರುವ ಹಕ್ಕಿ ಅಕ್ಕಿಯಾಗಿ ಬೆಂದುಬಿಡುತ್ತಿತ್ತು.
ಬರೆಯಲು ಕೂತರೆ ಅದೇ ಭಯಕ್ಕೆ
ಬೇಡದ ಕಡೆಯೆಲ್ಲ ‘ಹ’ ಮೆತ್ತುತ್ತಿದ್ದೆ.
ಇನ್‌ಸ್ಪೆಕ್ಟರು ಬರುವ ದಿನ ಕರಿಹಲಗೆಯ ಮೇಲೆ
ಬಣ್ಣದ ಸೀಮೆಸುಣ್ಣದಲ್ಲಿ, ಸುತ್ತ ಬಳ್ಳಿ ಬಿಡಿಸಿ,
‘ಹಾದರದ ಸ್ವಾಗತ’ ಎಂದು ಬರೆದವಳು ನಾನೇ.
ಮೇಷ್ಟ್ರು ಧಾವಿಸಿ ಬಂದು ಪಂಚೆಯಂಚಿನಲ್ಲಿ ಒರೆಸಿದರು.
ಇನ್‌ಸ್ಪೆಕ್ಟರು ಓದಿಯಾಗಿತ್ತು.
ಇವತ್ತಿಗೂ ಯಾರಾದರೂ ಆದರದಿಂದ ಕರೆದರೆ
ನನ್ನ ಕಿವಿ ಬಿಸಿಯಾಗುತ್ತದೆ.

ಶನಿವಾರ ಬ್ರೆಂಡಾ ಲೈಬ್ರರಿಗೆ ಬಂದಳು,
ವಾರಕ್ಕೆರಡೇ ದಿನ ತೆರೆಯುವ, ಅರ್ಧ ಕಪಾಟು ಖಾಲಿಯಾದ
ನನ್ನ ಲೈಬ್ರರಿಗೆ.
ಮುಖಪುಟಕ್ಕೆ ಆಗಲೇ ಕಟ್ಟು ಹಾಕಿಸಿದ್ದಳು,
ಗಾಜು, ಚಿನ್ನದ ಬಣ್ಣದ ಅಂಚು.
‘ಕನ್ನಡಕ ಮರೆತು ಬಂದೆ. ನೀನೇ ಓದು, ಮಗಾ.’
ಕನ್ನಡಕ ಅವಳ ಕತ್ತಲ್ಲೇ ನೇತಾಡುತ್ತಿತ್ತು.

ಆಗ ಹೊಳೆಯಿತು.
ಬಸ್ ಪಾಸಿನ ಅರ್ಜಿ ತುಂಬುವಾಗಲೆಲ್ಲ
ಅವಳ ಬಲಗೈ ನೋಯುತ್ತಿದ್ದುದೇಕೆ ಎಂದು.
‘ನಿಲ್ಲಿ, ಮಕ್ಕಳು’ ಎಂದು ಬರೆದ ಕೋಲನ್ನು
ಮೂವತ್ತು ವರ್ಷ ಹಿಡಿದು ನಿಂತವಳಿಗೆ
ಅದರ ಬಣ್ಣ ಗೊತ್ತಿತ್ತು.

ಓದಿದೆ. ಸುಳ್ಳು ಹೇಳಬೇಕಾಗಲೇ ಇಲ್ಲ.
ನಮ್ಮ ಕನ್ನಡದ ಬಾಯಲ್ಲಿ ಅವೆರಡೂ ಬೇರೆ ಬೇರೆ,
ಅವರ ಬಾಯಲ್ಲಿ ಒಂದೇ ಸದ್ದು.
‘ಎರೋಯಿನ್’ ಎಂದಳು ತನ್ನಷ್ಟಕ್ಕೆ,
‘ಹ’ ನುಂಗಿ, ನಮ್ಮವರ ಹಾಗೇ.
ಕೆನ್ನೆ ಕೆಂಪಾಯಿತು.

ಆಮೇಲೆ, ಕಟ್ಟನ್ನು ಚೀಲಕ್ಕೆ ಇಳಿಸುತ್ತಾ ಇಳಿಸುತ್ತಾ ನಿಂತು,
‘ಮತ್ತೆ ಆ ಕಟುಕ ಗ್ರಾಂ ಎಷ್ಟಕ್ಕೆ ಅಂದನಲ್ಲ,
ಯಾಕೆ?’

ಗೋಡೆ ಗಡಿಯಾರ ಕೂಡ ಕೈಕೊಟ್ಟಿತ್ತು, ಸದ್ದಿಲ್ಲ.
ಹೇಳಿದೆ. ಪೂರ್ತಿ ಹೇಳಿದೆ.
ಅವಳು ಗಾಜಿನ ಮೇಲೆ ಬೆರಳಿಟ್ಟು
ಕೊನೆಯ ಅಕ್ಷರದಾಚೆಯ ಖಾಲಿಯನ್ನು ತಡವಿದಳು,
ಹಲ್ಲು ಬಿದ್ದ ಜಾಗ ತಡವುವ ಹಾಗೆ.
‘ಇಲ್ಲಿ?’
‘ಅಲ್ಲೇ.’
‘ಹೇಗಿರುತ್ತದೆ ಅದು?’

ರಶೀದಿಯ ಬೆನ್ನಿಗೆ ಬರೆದು ತೋರಿಸಿದೆ.
ಗಾಜಿಗೆ ಹಾ ಎಂದು ಉಸಿರು ಬಿಟ್ಟು
ಆ ಮಂಜಿನಲ್ಲಿ ಬೆರಳಿಂದ ಬರೆದಳು,
ಬೆನ್ನು ತಿರುಗಿಸಿ ಕೂತ ಒಂದು ‘ಇ’.
ಇಬ್ಬರೂ ನೋಡುತ್ತಿದ್ದಂತೆಯೇ ಅದು ಆರಿತು.

‘ಮಂಗಳವಾರ ಎಷ್ಟು ಗಂಟೆಗೆ ತೆಗೆಯುತ್ತೀ?’
ಬಾಗಿಲ ಮೇಲೆ ಬರೆದಿದೆ ಎನ್ನಲು ಬಾಯಿ ತೆರೆದವಳು
ಹತ್ತಕ್ಕೆ, ಎಂದೆ.