ಚೆಂಡಿನ ಬಾಯಿ

ಐವತ್ತನೇ ಇಸವಿ. ಬೆಳಗಾವಿ ಕ್ಯಾಂಪಿನಲ್ಲಿ
ಆಷಾಢದ ಜಡಿ ಹಿಡಿದು ಒಂಬತ್ತು ದಿನ.
ತೊಗಲು ನೀರು ಕುಡಿದು ಕಲ್ಲಾಗಿ
ಪಲ್ಟನ್ನಿನ ಚೆಂಡು ಅಪ್ಪನ ಮುಂದೆ ಕೂತಿತ್ತು,
ಹಲ್ಲುನೋವಿನ ಹುಡುಗನ ಹಾಗೆ ಬಾಯಿ ತೆರೆದು.

ಒಳಗಿನ ಬ್ಲ್ಯಾಡರಿಗೆ ಸೈಕಲ್ ಪಂಪಿನಿಂದ
ಗಾಳಿ ಹೊಡೆಯುವುದು ನನ್ನ ಕೆಲಸ.
‘ಸಾಕ ಚಂಪವ್ವಾ,
ಇನ್ನ ಉಬ್ಬಿದರ ಹೊಲಿಗಿ ಬಿಚ್ಚತೈತಿ.’

ಬ್ರೆಜಿಲ್ಲಿಗೆ ನಮ್ಮವರೂ ಹೋಗಬೇಕಿತ್ತಂತೆ.
ಹೋಗಲಿಲ್ಲ.
ಬರಿಗಾಲಿನವರನ್ನ ಒಳಗ ಬಿಡೂದಿಲ್ಲಂತ, ಎಂದ ಇನಾಸ.
ಹಡಗಿನ ರೊಕ್ಕದ ತಕರಾರು, ಎಂದ ಚಹಾದಂಗಡಿಯ ದಸ್ತಗೀರ.
ಅಪ್ಪನಿಗೆ ನಾಟಿದ್ದು ಮೊದಲನೆಯದು:
‘ಹನ್ನೊಂದ ಜೋಡ. ನನಗೊಂದ ಕಾರ್ಡ ಬರದಿದ್ದರ...’
ಅನ್ನುತ್ತ ರಂಪಿಗೆಯ ಮೊನೆಯಲ್ಲಿ ನೆಲದ ಮೇಲೆ
ಇನಾಸನ ಪಾದದ ಸುತ್ತ ಗೆರೆ ಕೊರೆದ.
ಬೂಟು ಕಾಣದ ಪಾದ, ಬೆರಳು ಬೆರಳಿಗೂ ಜಾಗ.

ಜುಲೈ ಹದಿನೆಂಟೋ ಹತ್ತೊಂಬತ್ತೋ,
ಪೇಪರು ಒದ್ದೆಯಾಗಿ ಬಂತು. ಇನಾಸ ಓದಿದ:
ಎರಡು ಲಕ್ಷ ಮಂದಿ ಕೂತಿದ್ದರಂತೆ
ಗೆದ್ದೇಬಿಟ್ಟೆವೆಂದು.
ಉರುಗ್ವೆಯವರ ಎರಡನೇ ಗೋಲಿಗೆ
ಒಬ್ಬರೂ ಉಸಿರೆತ್ತಲಿಲ್ಲವಂತೆ.

ಎರಡು ಲಕ್ಷ ಅಂದರ ಎಷ್ಟ, ಕೇಳಿದೆ.
‘ಎರಡ ಬೆಳಗಾವಿ,’ ಎಂದ ಅಪ್ಪ,
ಪೇಟೆಯ ಕಡೆ ನೋಡಿದ.
ಟಾಂಗಾದ ಗಂಟೆ, ಹಿಟ್ಟಿನ ಗಿರಣಿ,
ಮಿಲಿಟರಿ ಬ್ಯಾಂಡಿನ ತಾಲೀಮು.
‘ಎಲ್ಲಾ ಒಮ್ಮೆಲೇ ಸುಮ್ಮಾದರ...’

ಮಾತು ಮುಗಿಸದೆ ಚೆಂಡನ್ನು ಮೊಣಕಾಲ ನಡುವೆ ಅಮುಕಿ
ಬಾಯಿಗೆ ದಾರ ಎಳೆದ,
ಎಂದಿನಷ್ಟು ಬಿಗಿಯಲ್ಲ.

ಆ ಭಾನುವಾರ ಇನಾಸ
ತಲೆಯಿಂದ ಗೋಲು ಹೊಡೆದ.
ಹಣೆಯ ಮೇಲೆ ದಾರದ ಗಂಟಿನ ಅಚ್ಚು
ಸೋಮವಾರವೂ ಇತ್ತು.